ಮೂರು ಕೋನ ಸೇರಿದರೆ ಒಂದು ಒಂಟೆ

ಏಳು ಸಮುದ್ರದಾಚೆ ಒಂದು ಗುಹೆ, ಗುಹೆಯೊಳಗೆ ಒಂದು ಪಂಜರ, ಪಂಜರದೊಳಗೆ ಒಂದು ಗಿಳಿ, ಆ ಗಿಳಿಯಲ್ಲಿ ರಾಕ್ಷಸನ ಪ್ರಾಣ. ಅಜ್ಜಿಯರ ಕತೆಗಳಲ್ಲಿ ಹೀಗಿರುತ್ತದೆ. ಗಣಿತದ ಮೇಷ್ಟ್ರು ರಾಕ್ಷಸರಲ್ಲ, ಅವರ ಎರಡನೇ ಮಹಡಿಯ ಬಾಡಿಗೆ ಮನೆಯಿಂದ ಸಮುದ್ರವೂ ಕಾಣುವುದಿಲ್ಲ. ಆದರೂ ಆ ದಿನ ಬೆಳಿಗ್ಗೆ ಅವರ ಪ್ರಾಣ ಒಂದು ರಬ್ಬರ್ ಬ್ಯಾಂಡಿನಲ್ಲಿತ್ತು.

ಅಂಗಡಿಯವರು ಪೊಟ್ಟಣಕ್ಕೆ ಸುತ್ತುವ ಬಡಕಲು ಬ್ಯಾಂಡಲ್ಲ ಅದು. ಸೈಕಲ್ ರಿಪೇರಿಯವನು ಹಳೇ ಟ್ಯೂಬಿನಿಂದ ಕತ್ತರಿಸಿಕೊಟ್ಟ, ಬೆರಳಗಲದ ಕಪ್ಪು ಬಳೆಯಂಥದ್ದು. "ಆನೆ ಕಟ್ಟಿ ಸಾರ್, ಕಿತ್ತುಹೋದ್ರೆ ನನ್ನನ್ನ ಕೇಳಿ" ಎಂದಿದ್ದ. ಮೇಷ್ಟ್ರು ಆನೆಯ ಬದಲು ಅರವತ್ತು ನೀಲಿ ಕಾರ್ಡುಗಳನ್ನೂ ಅರವತ್ತು ಗುಲಾಬಿ ಕಾರ್ಡುಗಳನ್ನೂ ಅದರಿಂದ ಕಟ್ಟಿದ್ದರು. ನೀಲಿಯಲ್ಲಿ ಪ್ರಶ್ನೆ, ಗುಲಾಬಿಯಲ್ಲಿ ಉತ್ತರ. ಅವರ ಶಾಲೆಯಲ್ಲಿ ಇವತ್ತು ಮೂರು ಶಾಲೆಗಳ ನಡುವೆ 'ಜ್ಞಾನದ ಏಣಿ' ಎಂಬ ಆಟದ ಸ್ಪರ್ಧೆ. ಹಳೇ ಪರದೆಯೊಂದರ ಮೇಲೆ ಹಾವು ಏಣಿ ಬರೆದು ನೆಲಕ್ಕೆ ಹಾಸುವುದು, ಮಕ್ಕಳೇ ಕಾಯಿಗಳಾಗಿ ಅದರ ಮೇಲೆ ನಿಲ್ಲುವುದು. ಉತ್ತರ ಸರಿಯಾದರೆ ಏಣಿ, ತಪ್ಪಾದರೆ ಹಾವು.

ಹೋದ ವರ್ಷ ಪ್ರಶ್ನೆ ಕಾರ್ಡಿನ ಮುಂದೆ, ಉತ್ತರ ಅದರ ಬೆನ್ನಿಗೆ ಇತ್ತು. ಓದುವವರು ಕಾರ್ಡು ಎತ್ತಿ ಹಿಡಿದಾಗಲೆಲ್ಲ ಬೆನ್ನು ಮಕ್ಕಳ ಕಡೆಗೇ ತಿರುಗಿತ್ತು. ಮೂರು ಶಾಲೆಗೂ ನೂರಕ್ಕೆ ನೂರು. ಬಹುಮಾನಕ್ಕೆ ಇದ್ದ ಒಂದೇ ಕಪ್ಪನ್ನು ತಲಾ ನಾಲ್ಕು ನಾಲ್ಕು ತಿಂಗಳು ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಅದಕ್ಕೇ ಈ ಸಲ ಎರಡು ಕಟ್ಟು. ಮೊದಲನೇ ನೀಲಿಗೆ ಮೊದಲನೇ ಗುಲಾಬಿ, ಎರಡನೆಯದಕ್ಕೆ ಎರಡನೆಯದು.

"ಹಿಂದ್ಗಡೆ ಒಂದೊಂದು ನಂಬರ್ ಹಾಕ್ಬಿಡ್ರೀ" ಎಂದಿದ್ದಳು ಹೆಂಡತಿ.

"ಧೈರ್ಯ ಇಲ್ದೋರು ನಂಬರ್ ಹಾಕ್ತಾರೆ ಕಣೇ. ನನ್ನ ಹತ್ರ ಬ್ಯಾಂಡ್ ಇದೆ."

ಈ ಆಟ ಸರಿಯಾಗಿ ನಡೆಯುವುದು ಮಕ್ಕಳಿಗಿಂತ ಮೇಷ್ಟ್ರಿಗೆ ಮುಖ್ಯವಾಗಿತ್ತು. ಕಾರಣ, ಅವರ ಕೊರಳಲ್ಲಿ ನೇತಾಡುತ್ತಿದ್ದ ಒಂದು ಸೀಟಿ. ಒಂಬತ್ತು ವರ್ಷದಿಂದ ಶಾಲೆಯ ಗೇಟಿನ ಕೆಲಸ ಅವರದು. ಬೆಳಿಗ್ಗೆ ಏಳೂಕಾಲಕ್ಕೆ ಗೇಟಿನಲ್ಲಿ ನಿಂತು, ಸೀಟಿ ಊದಿ, ತಡವಾಗಿ ಬಂದವರನ್ನು ಹಿಡಿದು ಹೆಸರು ಬರೆದುಕೊಳ್ಳಬೇಕು. ಒಂಬತ್ತು ವರ್ಷದಿಂದ ಅವರು ಬಿಸಿ ತಿಂಡಿ ತಿಂದಿರಲಿಲ್ಲ. ಡಬ್ಬಿಯಲ್ಲಿ ಆರಿದ್ದನ್ನು ಮೊದಲ ಪಿರಿಯಡ್ಡು ಮುಗಿದ ಮೇಲೆ ತಿನ್ನುತ್ತಿದ್ದರು. ಹೋದ ವಾರ ಹೆಡ್‌ಮೇಡಂ ಬಾಯಿಬಿಟ್ಟು ಹೇಳಿದ್ದರು, "ಈ ವರ್ಷ ಸ್ಪರ್ಧೆ ಮಾನವಾಗಿ ನಡೆಸಿಕೊಡಿ ಮೇಷ್ಟ್ರೇ. ನಿಮ್ಮ ಸೀಟಿ ಡ್ರಿಲ್ ಮೇಷ್ಟ್ರ ಕೊರಳಿಗೆ ಹಾಕ್ತೀನಿ."

ಹೀಗಿರುವಾಗ, ಮೇಷ್ಟ್ರು ಸ್ನಾನಕ್ಕೆ ಹೋದ ಐದು ನಿಮಿಷದಲ್ಲಿ ಎಂಟು ವರ್ಷದ ಮಗಳಿಗೆ ಜಡೆ ಕಟ್ಟುವ ಬ್ಯಾಂಡು ಸಿಗಲಿಲ್ಲ. ಮೇಜಿನ ಮೇಲೆ ಕಪ್ಪಗೆ, ಗಟ್ಟಿಯಾಗಿ ಒಂದು ಸಿಕ್ಕಿತು.

ಮೇಷ್ಟ್ರು ಬಂದವರೇ ಗಡಿಬಿಡಿಯಲ್ಲಿ ಎರಡೂ ಕಟ್ಟನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಮೊದಲನೇ ಮಹಡಿಯ ತಿರುವಿನವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿ ಒಂದು ಸೀನು ಬಂತು.

ನೂರಿಪ್ಪತ್ತು ಕಾರ್ಡುಗಳು ಗೂಡು ಬಿಟ್ಟ ಪಾರಿವಾಳಗಳಂತೆ ಹಾರಿ ನೆಲಮಹಡಿಯವರೆಗೂ ಹೋಗಿ ಕೂತವು.

ಶಬ್ದಕ್ಕೆ ಬಾಗಿಲುಗಳು ತೆರೆದುಕೊಂಡವು. ಆ ಕಟ್ಟಡದ ಬಾಗಿಲುಗಳು ಹಾಗೆಯೇ, ಯಾರ ಮನೆಯಲ್ಲಿ ಚಮಚ ಬಿದ್ದರೂ ಉಳಿದವರ ಮನೆಯ ಚಿಲಕ ತೆರೆದುಕೊಳ್ಳುತ್ತದೆ. ಕೆಳಗಿನ ಮನೆಯಿಂದ ದರ್ಜಿ ಅಕ್ಕ ತೊಡೆಯ ಮೇಲಿನ ಬಟ್ಟೆಯ ರಾಶಿಯನ್ನು ತಬ್ಬಿಕೊಂಡೇ ಓಡಿಬಂದಳು. ಎದುರು ಮನೆಯಿಂದ ಅಂಚೆ ತಾತ ಬಂದರು. ಮೂವತ್ತೇಳು ವರ್ಷ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸಿ ನಿವೃತ್ತರಾದವರು. ಈಗ ವಿಂಗಡಿಸಲು ಏನೂ ಸಿಗದೆ ಮನೆಯ ಬೇಳೆ ಡಬ್ಬಿಗಳನ್ನು ದಿನಕ್ಕೆರಡು ಸಲ ಜಾಗ ಬದಲಿಸಿ ಸೊಸೆಯಿಂದ ಬೈಸಿಕೊಳ್ಳುತ್ತಿದ್ದವರು. ಚೆಲ್ಲಿದ ಕಾರ್ಡುಗಳನ್ನು ಕಂಡು ಅವರ ಮುಖ ಮದುಮಗನ ಮುಖದಂತೆ ಅರಳಿತು.

"ಯಾರೂ ಮುಟ್ಬೇಡಿ! ಮೇಷ್ಟ್ರೇ, ನೀವು ಪಕ್ಕಕ್ಕೆ ನಿಲ್ಲಿ."

"ತಾತಾ, ಅವುಕ್ಕೆ ಒಂದು ಕ್ರಮ ಇದೆ..."

"ಕ್ರಮ ನನಗೆ ಹೇಳಿಕೊಡ್ತೀರಾ? ಒಂದು ದಿನಕ್ಕೆ ಹನ್ನೊಂದು ಮೂಟೆ ಕಾಗದ ಬೇರೆ ಮಾಡ್ತಿದ್ದೆ. ಪ್ರಶ್ನೆ ಅಂದ್ರೆ ಏನು? ಹೋಗೋ ಟಪಾಲು. ಉತ್ತರ ಅಂದ್ರೆ ಬರೋ ಟಪಾಲು. ಹೋಗೋದ್ರಲ್ಲಿ ದೂರದ್ದು ಮೇಲೆ, ಬರೋದ್ರಲ್ಲಿ ಹತ್ತಿರದ್ದು ಮೇಲೆ. ಗ್ರಹ ದೂರ, ಮೇಲಿಡಿ. ಕಪ್ಪೆ ಹಿತ್ತಲಲ್ಲೇ ಇರುತ್ತೆ, ಮೇಲಿಡಿ."

"ಇದು ತ್ರಿಭುಜ, ತಾತ" ಎಂದಳು ದರ್ಜಿ ಅಕ್ಕ.

"ಯಾವ ಊರಲ್ಲಿದೆ ಅದು? ವಿಳಾಸ ಇಲ್ಲದ್ದು ಕೊನೆಗೆ."

ಮೇಷ್ಟ್ರು ಬೇಡ ಬೇಡ ಎನ್ನುವಷ್ಟರಲ್ಲಿ ತಾತನ ಬೆರಳುಗಳು ಹೊಲಿಗೆ ಯಂತ್ರದ ಸೂಜಿಯಂತೆ ಓಡಿ ಕೆಲಸ ಮುಗಿಸಿದ್ದವು. ದರ್ಜಿ ಅಕ್ಕ ಕೆಂಪು ಬಟ್ಟೆಯ ಎರಡು ಪಟ್ಟಿ ಹರಿದು ಎರಡೂ ಕಟ್ಟಿಗೆ ಹೂವಿನಂಥ ಗಂಟು ಹಾಕಿದಳು. ಗಡಿಯಾರ ಏಳು ಹತ್ತು ತೋರಿಸುತ್ತಿತ್ತು. ಗೇಟಿಗೆ ಓಡಬೇಕು. ಗೇಟು ಮುಗಿದ ಮೇಲೆ ಸರಿಮಾಡಿಕೊಳ್ಳೋಣ ಅಂದುಕೊಂಡರು ಮೇಷ್ಟ್ರು. ಗೇಟು ಮುಗಿದ ಮೇಲೆ ಕುರ್ಚಿ ಎಣಿಸುವುದಿತ್ತು. ಕುರ್ಚಿ ಎಣಿಸಿದ ಮೇಲೆ ಮೈಕು ಕಿರುಚುವುದನ್ನು ನಿಲ್ಲಿಸುವುದಿತ್ತು. ಮೈಕು ನಿಲ್ಲುವ ಹೊತ್ತಿಗೆ ಹತ್ತು ಗಂಟೆಯಾಗಿ, ಮೂರು ಶಾಲೆಯ ಮಕ್ಕಳು ಪರದೆಯ ಮೇಲೆ ನಿಂತುಬಿಟ್ಟಿದ್ದರು.

ಪ್ರಶ್ನೆ ಓದುವುದು ಮೇಷ್ಟ್ರು, ಉತ್ತರದ ಕಾರ್ಡು ಓದುವುದು ಡ್ರಿಲ್ ಮೇಷ್ಟ್ರು. ಅವರಿಗೆ ಯಾವ ಉತ್ತರವೂ ಗೊತ್ತಿರಲಿಲ್ಲ, ಆದರೆ ದನಿ ಮೂರು ಬೀದಿಗೆ ಕೇಳುತ್ತಿತ್ತು. ಸೀಟಿ ತಮ್ಮ ಕೊರಳಿಗೆ ಬರುವ ಸುದ್ದಿ ತಿಳಿದಾಗಿನಿಂದ ಅವರು ಗಣಿತದ ಮೇಷ್ಟ್ರನ್ನು ಬೆಕ್ಕು ನಾಯಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

ಮೊದಲು ಗಣಿತದ ಮೇಷ್ಟ್ರು ನಿಯಮ ಓದಿದರು. ಹೋದ ವರ್ಷ ಕಪ್ಪಿಗಾಗಿ ನಡೆದ ಜಗಳ ನೆನೆದು ತಾವೇ ಬರೆದಿದ್ದ ನಿಯಮಗಳು. ಒಂದು, ಕಾರ್ಡಿನಲ್ಲಿರುವ ಉತ್ತರವೇ ಅಂತಿಮ, ವಾದಕ್ಕೆ ಅವಕಾಶವಿಲ್ಲ. ಎರಡು, ಉತ್ತರ ತಪ್ಪಿದ ತಂಡವು ಕಾರ್ಡಿನ ಉತ್ತರ ಏಕೆ ಸರಿ ಎಂದು ಅರ್ಧ ನಿಮಿಷದಲ್ಲಿ ವಿವರಿಸಿದರೆ ಹಾವಿನ ಬಾಯಿಯಿಂದ ಪಾರು.

"ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು?"

"ಬುಧ!" ಎಂದಳು ಎರಡು ಜಡೆಯ ಹುಡುಗಿ, ಮೇಷ್ಟ್ರದೇ ಶಾಲೆಯವಳು.

ಡ್ರಿಲ್ ಮೇಷ್ಟ್ರು ಗುಲಾಬಿ ಕಾರ್ಡು ತೆಗೆದು ಕವಾಯತಿನ ದನಿಯಲ್ಲಿ ಕೂಗಿದರು, "ಕಪ್ಪೆ!"

ಮೇಷ್ಟ್ರ ಬೆನ್ನಿನಲ್ಲಿ ಬೆವರಿನ ಹನಿಯೊಂದು ನಿಧಾನವಾಗಿ ಏಣಿ ಇಳಿಯಿತು. ತಪ್ಪಾಗಿದೆ ಎಂದು ಹೇಳಲು ಬಾಯಿ ತೆರೆದರು. ಎದೆಗೆ ಸೀಟಿ ತಣ್ಣಗೆ ತಾಗಿತು. ಇನ್ನೂ ಒಂಬತ್ತು ವರ್ಷ, ಆರಿದ ತಿಂಡಿ. ಬಾಯಿ ಮುಚ್ಚಿದರು.

"ವಿವರಿಸ್ತೀಯೇನಮ್ಮಾ?" ಎಂದರು ಸಣ್ಣ ದನಿಯಲ್ಲಿ.

ಹುಡುಗಿ ಒಂದು ಜಡೆ ಕಚ್ಚಿಕೊಂಡು ಯೋಚಿಸಿದಳು. "ಸಾರ್, ಸೂರ್ಯನ ಹತ್ರ ನೆಲ ಕಾದ ಕಾವಲಿ ಥರ ಇರುತ್ತೆ. ಅಲ್ಲಿ ಯಾರೂ ಕಾಲೂರಿ ನಿಲ್ಲಕ್ಕಾಗಲ್ಲ, ಕುಪ್ಪಳಿಸ್ತಾನೇ ಇರ್ಬೇಕು. ಅಲ್ಲಿರೋದು ಕಪ್ಪೇನೇ ಇರ್ಬೇಕು ಸಾರ್."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಅದು ಗಹಗಹ ಆಗಿತ್ತು. ಹುಡುಗಿ ಹಾವಿನಿಂದ ಪಾರಾದಳು.

ಆಮೇಲೆ ನಿಲ್ಲಲೇ ಇಲ್ಲ. ದೇಹಕ್ಕೆಲ್ಲ ರಕ್ತ ತಳ್ಳುವ ಅಂಗ ಯಾವುದು ಅಂದರೆ ಕಾರ್ಡಿನಲ್ಲಿ ಉಗಿ ಎಂಜಿನ್ನು. ದಪ್ಪ ಕನ್ನಡಕದ ಹುಡುಗ ಎದೆ ತಟ್ಟಿ, "ಪರೀಕ್ಷೆ ದಿನ ಕೇಳಿಸ್ಕೊಳ್ಳಿ ಸಾರ್, ಡಗಡಗ ಡಗಡಗ ಅಂತ ರೈಲೇ ಓಡುತ್ತೆ" ಎಂದ. ಅತಿ ದೊಡ್ಡ ಸಾಗರ ಯಾವುದು ಅಂದರೆ ಮೂಗು. "ನೆಗಡಿ ಬಂದಾಗ ನಮ್ಮ ತಮ್ಮನ್ನ ನೋಡಿ ಸಾರ್!" ಕೊನೆಯ ಸುತ್ತಿಗೆ ತ್ರಿಭುಜ ಬಂತು. ತ್ರಿಭುಜದ ಮೂರು ಕೋನಗಳ ಮೊತ್ತವೆಷ್ಟು? ಡ್ರಿಲ್ ಮೇಷ್ಟ್ರು ಕಾರ್ಡು ನೋಡಿ, ಒಂದು ಕ್ಷಣ ತಾವೇ ತಬ್ಬಿಬ್ಬಾಗಿ, ಮತ್ತೆ ಎದೆಯುಬ್ಬಿಸಿ ಕೂಗಿದರು, "ಒಂಟೆ!"

ಎರಡು ಜಡೆಯವಳು ತಡಮಾಡಲಿಲ್ಲ. "ಬೆನ್ನಿನ ಗೂನು ಒಂದು ಕೋನ. ಕೂತಾಗ ಹಿಂದಿನ ಮಂಡಿ ಒಂದು, ಮುಂದಿನ ಮಂಡಿ ಒಂದು. ಮೂರೂ ಕೂಡಿಸಿದ್ರೆ ಒಟ್ಟು ಒಂದು ಒಂಟೆ, ಸಾರ್."

ಹೆಡ್‌ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೆಡ್‌ಮೇಡಂ ನಗುವುದನ್ನು ಆ ಶಾಲೆ ಕಂಡಿರಲಿಲ್ಲ. ಅವರಿಗೆ ಹಲ್ಲುಗಳಿವೆ ಎಂಬುದೇ ಕೆಲವರಿಗೆ ಹೊಸ ವಿಷಯವಾಗಿತ್ತು.

ಅರವತ್ತನೇ ಪ್ರಶ್ನೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವ ಉತ್ತರವೇನು? "ಉತ್ತರ ಇಲ್ಲ" ಎಂದ ದಪ್ಪ ಕನ್ನಡಕದವನು. ಡ್ರಿಲ್ ಮೇಷ್ಟ್ರು ಮೇಜಿನ ಮೇಲೆ, ಮೇಜಿನ ಕೆಳಗೆ, ಅಂಗಿಯ ಜೇಬಿನಲ್ಲಿ ಹುಡುಕಿದರು. ಗುಲಾಬಿ ಕಾರ್ಡು ಮುಗಿದುಹೋಗಿತ್ತು. "ಉತ್ತರ ಇಲ್ಲ!" ಎಂದು ಕೂಗಿದರು. ಆ ಬೆಳಗಿನ ಒಂದೇ ಒಂದು ಸರಿಯುತ್ತರ ಅದು.

ಹೆಡ್‌ಮೇಡಂ ವೇದಿಕೆಗೆ ಬಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಏನ್ ಮೇಷ್ಟ್ರೇ ಇದು! ಬಾಯಿಪಾಠ ಮಾಡಿದ್ದನ್ನ ಒಪ್ಪಿಸೋದು ಎಲ್ಲ ಶಾಲೇಲೂ ಇದೆ. ತಲೆಗೆ ಕೆಲಸ ಕೊಡೋ ಆಟ ಅಂದ್ರೆ ಇದು! ಎಲ್ಲಿಂದ ಹೊಳೀತು ನಿಮಗೆ?"

"ಹಾಗೇ... ಬೆಳಿಗ್ಗೆ ಮೆಟ್ಟಿಲು ಇಳೀವಾಗ, ಮೇಡಂ" ಎಂದರು ಮೇಷ್ಟ್ರು. ಸುಳ್ಳೇನೂ ಹೇಳಲಿಲ್ಲ.

ಹೆಡ್‌ಮೇಡಂ ಅಲ್ಲಿಂದಲೇ ಶಿಕ್ಷಣಾಧಿಕಾರಿಗಳಿಗೆ ಫೋನು ಮಾಡಿದರು. "ಸಾರ್, ಮಧ್ಯಾಹ್ನ ಎರಡೂವರೆಗೆ ಫೈನಲ್ಲು. ನೀವು ಬರಲೇಬೇಕು. ನೀವು ನಗದಿದ್ರೆ ಕೇಳಿ." ಫೋನಿಟ್ಟು ಮೇಷ್ಟ್ರ ಕಡೆ ತಿರುಗಿ, "ಇದೇ ಕಾರ್ಡುಗಳೇ ಇರಲಿ. ಒಂಟೆ ಮಾತ್ರ ತಪ್ಪಿಸ್ಬೇಡಿ" ಎಂದರು. ಆಮೇಲೆ ಎಲ್ಲರೆದುರೇ ಮೇಷ್ಟ್ರ ಕೊರಳಿನಿಂದ ಸೀಟಿ ತೆಗೆದು ಡ್ರಿಲ್ ಮೇಷ್ಟ್ರ ಕೊರಳಿಗೆ ಹಾಕಿದರು. ಡ್ರಿಲ್ ಮೇಷ್ಟ್ರ ಕತ್ತು ಎಷ್ಟು ದಪ್ಪವೆಂದರೆ ಸೀಟಿಯ ದಾರ ಅಲ್ಲಿ ಕಾಲರಿನ ಗುಂಡಿಯಂತೆ ಬಿಗಿಯಿತು.

ಮೇಷ್ಟ್ರ ಕೊರಳು ಗಾಳಿಯಷ್ಟು ಹಗುರವಾಯಿತು. ಹೆಡ್‌ಮೇಡಂ ಕೋಣೆಯಲ್ಲಿ ಅವರಿಗೆ ಊಟ. ಬಿಸಿ ಬಿಸಿ ಊಟ, ಹಬೆಯಾಡುವಂಥದ್ದು! ಎರಡು ಕಟ್ಟು ಕಾರ್ಡುಗಳನ್ನೂ ಶಿಕ್ಷಕರ ಕೋಣೆಯ ಮೇಜಿನ ಮೇಲಿಟ್ಟು ಹೋಗಿ, ಹಬೆಯಲ್ಲಿ ಮುಖ ಹಿಡಿದು ಕುಳಿತರು. ನಾಳೆಯಿಂದ ಏಳೂಕಾಲಕ್ಕೆ ತಾವು ಮನೆಯಲ್ಲಿರುತ್ತಾರೆ. ಎದುರಿಗೆ ತಟ್ಟೆ ಇರುತ್ತದೆ. ಬೇಕಾದರೆ ಊದಿ ಊದಿ ತಿನ್ನಬಹುದು.

ಎರಡೂವರೆಗೆ ಅವರು ಸಭಾಂಗಣಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಹೆಂಡತಿ, ದರ್ಜಿ ಅಕ್ಕ, ಅಂಚೆ ತಾತ ಮೂವರೂ ಕುಳಿತಿದ್ದರು. ತಮ್ಮ ಗೆಲುವು ನೋಡಲು ಬಂದಿದ್ದಾರೆ ಎಂದು ಮೇಷ್ಟ್ರ ಎದೆ ತುಂಬಿತು. ತಾತ ದೂರದಿಂದಲೇ ಹೆಬ್ಬೆಟ್ಟು ಎತ್ತಿ ತೋರಿಸಿ ಕಣ್ಣು ಮಿಟುಕಿಸಿದರು. ಮೇಷ್ಟ್ರು ನಾಚಿ ಕೈಬೀಸಿದರು. ಕಾರ್ಡಿನ ಕಟ್ಟುಗಳಿಗೆ ಬೆಳಿಗ್ಗೆಗಿಂತ ಅಚ್ಚುಕಟ್ಟಾದ ಗಂಟು ಬಿದ್ದಿತ್ತು. ಅದನ್ನು ಅವರು ಗಮನಿಸಲಿಲ್ಲ.

ಶಿಕ್ಷಣಾಧಿಕಾರಿಗಳು ಮಡಚಿದ ಕೊಡೆಯಂತೆ ನೆಟ್ಟಗೆ, ಸಪೂರವಾಗಿ ಬಂದು ಕುಳಿತರು. ಹೆಡ್‌ಮೇಡಂ ನಗು ತಡೆಯಲಾರದೆ ಮೊದಲೇ ಕರ್ಚೀಫು ಬಾಯಿಗಿಟ್ಟುಕೊಂಡು ಸಿದ್ಧರಾದರು.

"ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು?" ಮೇಷ್ಟ್ರ ದನಿಯಲ್ಲಿ ಈಗ ಹಾಡಿನ ಗತ್ತಿತ್ತು.

"ಕಪ್ಪೆ!" ಎಂದಳು ಎರಡು ಜಡೆಯವಳು, ಸಂಶಯದ ಲವಲೇಶವಿಲ್ಲದೆ.

ಮೇಷ್ಟ್ರು ಬೆಚ್ಚಿದರು. ಊಟದ ಹೊತ್ತಿನಲ್ಲಿ ಮೂರೂ ಶಾಲೆಯ ಮಕ್ಕಳು ಮರದ ಕೆಳಗೆ ಕೂತು ಬೆಳಗಿನ ಉತ್ತರಗಳನ್ನೆಲ್ಲ ಬರೆದುಕೊಂಡು ಉರುಹೊಡೆದಿದ್ದು ಅವರಿಗೇನು ಗೊತ್ತು? ಫೈನಲ್ಲಿಗೂ ಅದೇ ಕಾರ್ಡು ಎಂದು ವೇದಿಕೆಯ ಮೇಲೇ ಹೇಳಿದ್ದನ್ನು ಮಕ್ಕಳು ಕೇಳಿಸಿಕೊಂಡಿದ್ದರು. ಮಕ್ಕಳೆಂದರೆ ಹಾಗೇ, ಬಾಯಿಪಾಠವಿಲ್ಲದ ಆಟ ಕೊಟ್ಟರೆ ಆಟವನ್ನೇ ಬಾಯಿಪಾಠ ಮಾಡುತ್ತಾರೆ. ಹೋಗಲಿ, ಕಾರ್ಡಿನಲ್ಲೂ ಕಪ್ಪೆ ತಾನೇ ಇರುವುದು ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು.

ಡ್ರಿಲ್ ಮೇಷ್ಟ್ರು ಗುಲಾಬಿ ಕಾರ್ಡು ತೆಗೆದರು. "ಬುಧ!"

ಹೆಡ್‌ಮೇಡಂ ಅಭ್ಯಾಸಬಲದಿಂದ ನಕ್ಕುಬಿಟ್ಟರು. ಒಬ್ಬರೇ.

"ಹುಡುಗಿ ಏನಂದಳು?" ಎಂದು ಅಧಿಕಾರಿಗಳು ಕೇಳಿದರು.

"ಕಪ್ಪೆ ಅಂದಳು ಸಾರ್."

"ಬುಧ ಯಾಕೆ ಸರಿ ಅಂತ ವಿವರಿಸು ಮರೀ" ಎಂದು ಮೇಷ್ಟ್ರು ಅಂಗಲಾಚಿದರು.

ಹುಡುಗಿ ಎರಡೂ ಜಡೆ ಕಚ್ಚಿದಳು. "ಗೊತ್ತಾಗ್ತಿಲ್ಲ ಸಾರ್. ಬುಧ ಕುಪ್ಪಳಿಸಲ್ವಲ್ಲ?"

ಹಾವು ಅವಳನ್ನು ನುಂಗಿತು. ರಕ್ತ ತಳ್ಳುವ ಅಂಗ ಉಗಿ ಎಂಜಿನ್ನು ಎಂದ ದಪ್ಪ ಕನ್ನಡಕದವನನ್ನೂ ನುಂಗಿತು. ಅತಿ ದೊಡ್ಡ ಸಾಗರ ಮೂಗು ಎಂದವನನ್ನೂ ನುಂಗಿತು. ಪ್ರಶ್ನೆಗೊಂದರಂತೆ ಮಕ್ಕಳು ಕೂಗಿದರು, ಕಾರ್ಡಿಗೊಂದರಂತೆ ಪಠ್ಯಪುಸ್ತಕ ಮಾತಾಡಿತು. ಅಧಿಕಾರಿಗಳ ಹುಬ್ಬು ಒಂದೊಂದು ಏಣಿಯಾಗಿ ಮೇಲೇರುತ್ತ ಕೂದಲಿನ ಅಂಚು ತಲುಪಿತು. ಮೇಷ್ಟ್ರು ಹಿಂದಿನ ಸಾಲಿನ ಕಡೆ ನೋಡಿದರು. ತಾತ ಪ್ರತಿ ಕಾರ್ಡಿಗೂ ತಲೆದೂಗುತ್ತ, ತಮ್ಮ ತೊಡೆಯ ಮೇಲೆ ತಾವೇ ಅಂಚೆ ಕಚೇರಿಯ ಠಸ್ಸೆ ಹೊಡೆದಂತೆ ತಟ್ಟಿಕೊಳ್ಳುತ್ತಿದ್ದರು. ಆಗ ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಿ ಏನು ಬಂತು, ಬಾಯಿ ಮಾತ್ರ ನಿಯಮದ ಪ್ರಕಾರ ಮುಂದಿನ ಪ್ರಶ್ನೆ ಓದುತ್ತಿತ್ತು.

"ತ್ರಿಭುಜದ... ಮೂರು ಕೋನಗಳ... ಮೊತ್ತ..."

"ಒಂಟೆ!" ಈ ಸಲ ಮೂರೂ ತಂಡದವರು ಒಟ್ಟಿಗೇ.

"ನೂರೆಂಬತ್ತು ಡಿಗ್ರಿ!"

ಅಧಿಕಾರಿಗಳು ಎದ್ದು ನಿಂತರು. "ಮಕ್ಕಳೇ, ಕೋನ ಕೂಡಿಸಿದರೆ ಒಂಟೆ ಬರುತ್ತೆ ಅಂತ ನಿಮಗೆ ಹೇಳಿದ್ದು ಯಾರು?"

"ಗಣಿತದ ಮೇಷ್ಟ್ರು ಸಾರ್!" ಒಂದೇ ಕೊರಳಿನ ಉತ್ತರ. "ಕಾರ್ಡಿನಲ್ಲಿರುವ ಉತ್ತರವೇ ಅಂತಿಮ ಸಾರ್! ವಾದಕ್ಕೆ ಅವಕಾಶವಿಲ್ಲ ಸಾರ್!"

ಕೊನೆಯ ಪ್ರಶ್ನೆಗೆ ಮಾತ್ರ ಮೂರೂ ತಂಡದವರು ಉತ್ತರ ಇಲ್ಲ ಎಂದೇ ಕೂಗಿದರು. ಕಾರ್ಡಿನಲ್ಲೂ ಅದೇ ಇತ್ತು. ಹೀಗಾಗಿ ಮೂರು ಶಾಲೆಗೂ ಒಂದೊಂದು ಅಂಕ. ಕಪ್ಪು ಈ ವರ್ಷವೂ ತಲಾ ನಾಲ್ಕು ತಿಂಗಳು.

ಹೆಡ್‌ಮೇಡಂ ಅಧಿಕಾರಿಗಳನ್ನು ಕಾರಿನವರೆಗೆ ಬಿಟ್ಟು ಬರುವಷ್ಟರಲ್ಲಿ ತಾತ ವೇದಿಕೆ ಹತ್ತಿ ಬಂದಿದ್ದರು. "ಹೇಗಿತ್ತು ಮೇಷ್ಟ್ರೇ? ಒಂದೂ ತಪ್ಪಲಿಲ್ಲ ನೋಡಿ!"

"ತಾತಾ..." ಎಂದರು ಮೇಷ್ಟ್ರು.

"ನಮ್ಮಿಂದಲೇ ಆದ ಎಡವಟ್ಟು, ನಾವೇ ಸರಿಮಾಡಬೇಕಲ್ವಾ? ಮಧ್ಯಾಹ್ನ ಇವಳ ಬಟ್ಟೆ ರಾಶೀಲಿ ಒಂದು ಗುಲಾಬಿ ಕಾರ್ಡು ಸಿಕ್ತು."

"ನೂರೆಂಬತ್ತು ಡಿಗ್ರಿ ಅಂತಿತ್ತು" ಎಂದಳು ದರ್ಜಿ ಅಕ್ಕ. "ಯಾರದೋ ಸೊಂಟದ ಅಳತೆ ಅಂದ್ಕೊಂಡೆ. ಇಷ್ಟು ದಪ್ಪ ಯಾರಪ್ಪಾ ಅಂತ ತಾತನ್ನ ಕೇಳ್ದೆ."

"ಆಗ ಹೊಳೀತು, ಪ್ರತಿ ನೀಲಿಗೂ ಒಂದು ಗುಲಾಬಿ ಮನೆ ಇದೆ ಅಂತ. ಓಡಿಬಂದ್ವಿ. ಮೂರು ಜನ ಕೂತು ಒಂದೊಂದನ್ನೂ ಅದರದರ ಮನೆಗೆ ಸೇರಿಸಿದ್ವಿ. ಕಾಣೆಯಾಗಿದ್ದನ್ನೂ ಸೇರಿಸಿದ್ವಿ. ಮೂವತ್ತೇಳು ವರ್ಷ ಒಂದು ಕಾಗದ ತಪ್ಪು ಮನೆಗೆ ಹೋಗೋಕೆ ಬಿಟ್ಟೋನಲ್ಲ ನಾನು. ಇನ್ಮೇಲೆ ನಿಮಗೆ ಈ ಭಯವೇ ಬೇಡ. ಎಲ್ಲದರ ಬೆನ್ನಿಗೂ ನಂಬರ್ ಹಾಕಿಬಿಟ್ಟಿದೀನಿ. ಅಳಿಸಿದ್ರೂ ಹೋಗದ ಶಾಯಿ!"

ಹೆಡ್‌ಮೇಡಂ ಬಂದರು. ಅವರ ಹಲ್ಲುಗಳು ಮತ್ತೆ ಕಾಣೆಯಾಗಿದ್ದವು. ಅವರು ಕೈ ಚಾಚಿದರು. ಡ್ರಿಲ್ ಮೇಷ್ಟ್ರು ಹರ್ಷದಿಂದ ಕೊರಳಿನ ಸೀಟಿಯನ್ನು ಎಳೆದ ರಭಸಕ್ಕೆ ದಾರ ಪಟ್ಟೆಂದು ಕಿತ್ತುಬಂತು.

"ನಾಳೆಯಿಂದ ಏಳೂಕಾಲಕ್ಕಲ್ಲ, ಆರೂಮುಕ್ಕಾಲಕ್ಕೆ" ಎಂದರು ಹೆಡ್‌ಮೇಡಂ, ಸೀಟಿಯನ್ನು ಗಣಿತದ ಮೇಷ್ಟ್ರ ಅಂಗೈಯಲ್ಲಿಟ್ಟು. "ಅಧಿಕಾರಿಗಳ ಆಜ್ಞೆ. ಒಳಗೆ ಬರೋ ಪ್ರತಿ ಮಗುವೂ ಗೇಟಲ್ಲಿ ನಿಮಗೆ ಒಂದು ಸರಿಯುತ್ತರ ಒಪ್ಪಿಸಿ ಬರಬೇಕು. ಈ ಒಂಟೆ ಕಪ್ಪೆ ಎಲ್ಲ ತಲೆಯಿಂದ ಇಳಿಯೋವರೆಗೆ."

ಸಂಜೆ ಮೇಷ್ಟ್ರು ಮನೆಯ ಕುರ್ಚಿಯಲ್ಲಿ ಕುಸಿದು, ದಾರವಿಲ್ಲದ ಸೀಟಿಯನ್ನು ಮೇಜಿನ ಮೇಲಿಟ್ಟು ನೋಡುತ್ತ ಕುಳಿತರು. ದಾರವಿಲ್ಲದೆ ಹೇಗೆ ನೇತುಹಾಕಿಕೊಳ್ಳುವುದು? ಹೊಸ ದಾರ ಬರುವವರೆಗಾದರೂ ಒಂದೆರಡು ದಿನ ಬಿಡುವು ಸಿಗಬಹುದೇನೋ ಎಂಬ ಸಣ್ಣ ಆಸೆ ಎಲ್ಲೋ ಮಿಣುಕುತ್ತಿತ್ತು.

ಮಗಳು ಬಂದು ಸೀಟಿ ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಆಮೇಲೆ ತನ್ನ ಜಡೆ ಬಿಚ್ಚಿ, ಕಪ್ಪು ರಬ್ಬರ್ ಬ್ಯಾಂಡನ್ನು ಸೀಟಿಯ ಕೊಂಡಿಯೊಳಗೆ ತೂರಿಸಿ, ಅಪ್ಪನ ಮುಂಗೈಗೆ ಸರಿಯಾಗಿ ಏರಿಸಿದಳು.

"ಅಳತೆ ಎಷ್ಟು ಸರಿಯಾಗಿದೆ ನೋಡಿ ಅಪ್ಪಾ!"

ಮೇಷ್ಟ್ರು ಎರಡು ಬೆರಳಿನಿಂದ ಅದನ್ನು ಎಳೆದು ನೋಡಿದರು. ಇನ್ನೊಮ್ಮೆ, ಶಕ್ತಿಯೆಲ್ಲ ಹಾಕಿ ಎಳೆದು ನೋಡಿದರು. ಸೈಕಲ್ ರಿಪೇರಿಯವನು ಸುಳ್ಳು ಹೇಳಿರಲಿಲ್ಲ. ಇನ್ನೂ ಒಂಬತ್ತು ವರ್ಷಕ್ಕೆ ಅದು ಕಿತ್ತುಹೋಗುವ ಹಾಗಿರಲಿಲ್ಲ.